ಷರಾ

ಭಾನುವಾರ ರಜೆ. ಆದರೂ ಬೀಗ ತೆಗೆದೆ.
ಸೊರಬದ ಶಾಖಾ ಗ್ರಂಥಾಲಯದ ಪಡಸಾಲೆಯಲ್ಲಿ
ಪೇಪರ್ ಓದುವ ಉದ್ದ ಮೇಜು ಗೋಡೆಗೆ ಸರಿಸಿ
ಜಮಖಾನೆ ಹಾಸಿದೆ. ಅದು ಸಾಲದೆ
ಹಳೇ ಫ್ಲೆಕ್ಸೊಂದನ್ನು ಮಗುಚಿ ಹಾಸಿದೆ.
ಯಾರದೋ ಹುಟ್ಟುಹಬ್ಬದ ಮುಖ
ನೆಲ ನೋಡುತ್ತ ಮಲಗಿತು.

ಹತ್ತೂವರೆಯ ಆನವಟ್ಟಿ ಬಸ್ಸಿನಿಂದ ಇಬ್ಬರೂ ಇಳಿದರು.
ಗುತ್ಯಮ್ಮನ ಹೆಗಲಲ್ಲಿ ಚೌಡಿಕೆ, ಟವೆಲು ಸುತ್ತಿ,
ಎಳೆಗೂಸಿನ ಹಾಗೆ.
ಗಾಮಪ್ಪನ ದಮ್ಮಡಿ ಗೊಬ್ಬರದ ಚೀಲದಲ್ಲಿ.
ಪುಸ್ತಕ ಚಾಚಿದೆ: ಹೆಸರು, ಊರು, ಸಹಿ.
"ಗಂಡ ಹೆಂಡತಿಯಾ?"
ಕೇಳಬಾರದಿತ್ತು, ಕೇಳಿದೆ.
"ಇವ ಬಡಿತಾನೆ, ನಾ ಹಾಡ್ತೀನಿ.
ಅಷ್ಟೇ ಸಂಬಂಧ, ಬರ್ಕೊ" ಅಂದಳು.
ಗಾಮಪ್ಪ ನಗಲಿಲ್ಲ. ಮುತ್ತಿನಂಥ ಅಕ್ಷರದಲ್ಲಿ
ಇಬ್ಬರ ಹೆಸರನ್ನೂ ಅವನೇ ಬರೆದ.

ಹನ್ನೊಂದಕ್ಕೆ ಮಕ್ಕಳು. ಹಿಂದೆ ಅಪ್ಪಂದಿರು,
ಹೆಲ್ಮೆಟ್ ತೆಗೆಯಲೋ ಬೇಡವೋ ಎಂಬಂತೆ ಬಾಗಿಲಲ್ಲೇ.
ಅಂಗನವಾಡಿ ಟೀಚರು ಅತ್ತೆಯನ್ನೂ ಕರೆತಂದಿದ್ದರು.
ಅತ್ತೆ ಕೂತದ್ದೇ ಕವಳದ ಚೀಲ ಬಿಚ್ಚಿ
'ನಿಶ್ಶಬ್ದ' ಬೋರ್ಡಿನ ಕೆಳಗೆ ಜೋರಾಗಿ ಕೆಮ್ಮಿದರು.
ಆ ಬೋರ್ಡು ತಿರುಗಿಸಿಡುವುದು ನನಗೆ ಮರೆತಿತ್ತು.

ಮೊದಲು ಗಾಮಪ್ಪ ದಮ್ಮಡಿಯನ್ನು ಬಿಸಿಲಿಗೆ ಹಿಡಿದು ಕಾಯಿಸಿದ.
ಆಮೇಲೆ ಅಡ್ಡ ಮಲಗಿಸಿ, ಜೇಬಿನ ಹಿಡಿ ಅಕ್ಕಿ
ಚರ್ಮದ ಮೇಲೆ ಹರಡಿದ.
"ಶಬ್ದ ನೋಡ್ತೀರೇನ್ರೋ?"
ಒಂದೇ ಒಂದು ಬೆರಳು.
ಅಕ್ಕಿ ಎದ್ದು ನಿಂತಿತು, ಬಿದ್ದಿತು, ಮತ್ತೆ ಎದ್ದಿತು.
ಮಕ್ಕಳ ಬಾಯಿ ಅಗಲ.
ಕಾಳನ್ನೆಲ್ಲ ಬಳಿದು ಮತ್ತೆ ಜೇಬಿಗೆ:
"ಅನ್ನ ಅದು, ತುಳೀಬಾರ್ದು."

ಚೌಡಿಕೆಯ ತಂತಿ ಮಿಡಿಯಿತು. ಗುತ್ಯಮ್ಮ ಎತ್ತಿದಳು:

  ಒಂದಕ್ಕಿ ಕಾಳ ಹೊತ್ತು
  ಸಣ್ಣಿರುವೆ ತವರಿಗೆ ಹೊಂಟು
  ಕೆಸರೆನ್ನಲಿಲ್ಲ, ಮುಳ್ಳೆನ್ನಲಿಲ್ಲ, ನನ್ನವ್ವ
  ದಣಿವೆನ್ನಲಿಲ್ಲ ದಾರ್ಯಾಗೆ

ದಾರಿ ಉದ್ದ. ಕಪ್ಪೆ ಸುಂಕ ಕೇಳಿತು, ಏಡಿ ಜಾತಿ ಕೇಳಿತು,
ಮಕ್ಕಳು ನಕ್ಕರು, ಹೆಲ್ಮೆಟ್ಟುಗಳು ಒಳಗೆ ಬಂದು ಕೂತವು.
ಕಡೆಗೆ ವರದೆ ಹೊಳೆ ಅಡ್ಡ ಬಂದಳು.
ಎಲೆದೋಣಿ ಮಗುಚಿತು. ಇರುವೆ ಹೋಯಿತು.
ತವರಿನ ಬಾಗಿಲು ಇನ್ನೂ ತೆರೆದೇ ಐತೆ, ಕೇಳವ್ವ.

ಇಲ್ಲಿ ತಾಯಂದಿರು ಸೆರಗಿಗೆ ಕೈ ಹಾಕುವುದು ರೂಢಿ.
ಹಾಕಿದರು.

"ಅಕ್ಕಿ?"

ಮುಂದಿನ ಸಾಲು. ಎರಡು ಹಲ್ಲಿಲ್ಲದ ಸುಹಾನಾ.
"ಇರುವೆ ಸತ್ತೋತು, ಮಗಾ."
"ಗೊತ್ತಾತು. ಅಕ್ಕಿ ಏನಾತು?"

ನಲವತ್ತು ವರ್ಷದ ಹಾಡು.
ಮದುವೆಮನೆ, ನಾಟಿಗದ್ದೆ, ಒಮ್ಮೆ ಭದ್ರಾವತಿ ರೇಡಿಯೋ.
ಯಾರೂ ಕೇಳಿರಲಿಲ್ಲ.
"ಮೀನು ತಿಂತು" ಅಂದ ಒಬ್ಬ.
"ಮೊಳಕೆ ಬಂತು."
"ಮಿಲ್ಲಿನಕ್ಕಿ ಮೊಳಿಯಲ್ಲ ಕಣೋ!"
"ತೇಲಿರಬಹುದು" ಅಂದ ಒಬ್ಬ ಅಪ್ಪ, ಅಂದು ನಾಚಿದ.
ಅತ್ತೆ ಕವಳ ಒಂದು ದವಡೆಗೆ ಸರಿಸಿ:
"ಇಡಿಯಕ್ಕಿಯೋ ನುಚ್ಚೋ, ಅದು ಮೊದ್ಲು ಹೇಳ್ಲಿ."

ಗಾಮಪ್ಪ ಮೆಲ್ಲಗೆ ಬಾಗಿದ:
"ತವರಿಗೆ ಮುಟ್ತು ಅಂತ ಹಾಡ್ಬಿಡೇ."
"ನಮ್ಮವ್ವ ಹಂಗೆ ಹಾಡಿಲ್ಲ."
"ನಿಮ್ಮವ್ವ ಇಲ್ಲ ಈಗ."
ಇಬ್ಬರ ನಡುವೆ ಮೈಕಿತ್ತು.

ಬೋರ್ಡು ಹೇಳಿದ್ದು ಆಗ ನಡೆಯಿತು.

ಗುತ್ಯಮ್ಮ ತಂತಿಯ ಮೇಲೆ ಅಂಗೈಯಿಟ್ಟಳು.
"ನಂಗೊತ್ತಿಲ್ಲ, ಮಗಾ. ಕೇಳ್ಕೊಂಡು ಬರ್ತೀನಿ."
ಯಾರನ್ನು ಅಂತ ಸುಹಾನಾ ಕೂಡ ಕೇಳಲಿಲ್ಲ.
ಗಾಮಪ್ಪ ಏನನ್ನೋ ಬಡಿಯತೊಡಗಿದ, ಮಾತಿಲ್ಲದ್ದು, ಬಿರುಸು,
ಮಕ್ಕಳು ಕುಣಿದು ಕುಣಿದು ಫ್ಲೆಕ್ಸು ಹರಿಯಿತು.

ಮಂಡಕ್ಕಿ ತಿಂದು, ಟೀ ಕುಡಿದು,
ಎರಡೂಕಾಲರ ಬಸ್ಸಿಗೆ ನಡೆದರು.
ಒಂದು ಮಾರು ಅಂತರ, ಮಾತಿಲ್ಲ.
ಆದರೆ ಚೌಡಿಕೆ ಅವನ ಹೆಗಲಲ್ಲಿತ್ತು,
ಗೊಬ್ಬರದ ಚೀಲ ಅವಳ ಕೈಯಲ್ಲಿ.

ಮೇಜು ಮತ್ತೆ ಎಳೆದು ವೋಚರ್ ಬರೆದೆ.
ಗೌರವಧನ ಎರಡು ಸಾವಿರ. ಬಸ್ ಚಾರ್ಜು. ಮಂಡಕ್ಕಿ.
ಮೈಕು ಉಚಿತ.
ಕೊನೆಯ ಕಲಮಿನಲ್ಲಿ, ಷರಾ ಅಂತಿರುವಲ್ಲಿ,
ಹದಿನಾರು ವರ್ಷದಿಂದ ಬರೀ ಗೆರೆ ಎಳೆದವನು
ಇಂದು ಬರೆದೆ:
ಅಕ್ಕಿ ಕಾಳು ಒಂದು. ಬಾಕಿ.